ತಮ್ಮನ ಮನೆಯ ಜಾಡಿ

ಮಗಳು ಚೈಯುನ್ ತೊಟ್ಟಿಲಲ್ಲಿದ್ದಾಗಲೇ ಗೆನ್‌ಶೆಂಗ್ ಮಾತು ಕೊಟ್ಟಿದ್ದ: "ನಿನ್ನ ಮದುವೆಗೆ ಅಜ್ಜಿಯ ಜೋಡಿ ಜಾಡಿ ನಿಂಗೇ ಕಣೇ." ನೀಲಿ ಬಳ್ಳಿಗಳ ನಡುವೆ ಮದುವೆಗೆ ಶುಭವೆನ್ನುವ 'ಇಮ್ಮಡಿ ಸಂತೋಷ'ದ ಅಕ್ಷರ ಬರೆದ ಹಳೇ ಪಿಂಗಾಣಿ ಜಾಡಿಗಳು ಅವು. ಆಮೇಲೆ ಗೆನ್‌ಶೆಂಗ್‌ನ ಅಪ್ಪ ಸತ್ತ, ಅಣ್ಣತಮ್ಮಂದಿರು ಪಾಲಾದರು. ಇಮ್ಮಡಿ ಸಂತೋಷವೂ ತಲೆಗೊಂದರಂತೆ ಪಾಲಾಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಇವತ್ತು ಚೈಯುನ್‌ಳ ಮದುವೆ. ಮಧ್ಯಾಹ್ನಕ್ಕೆ ಬೀಗರು ಬರುತ್ತಾರೆ. ಬಳುವಳಿಯ ಮೇಜಿನ ಮೇಲೆ ಒಂದೇ ಜಾಡಿ, ಹಿಂಡು ತಪ್ಪಿದ ಬಾತುಕೋಳಿಯ ಹಾಗೆ ನಿಂತಿತ್ತು.

"ಒಂಟಿ ಜಾಡಿ ಕಳಿಸ್ತೀಯೇನೋ?" ಪಕ್ಕದ ಮನೆಯ ಲಿಯಾವ್ ಅತ್ತೆ ಕೆನ್ನೆಗೆ ಕೈಹಚ್ಚಿದಳು. "ಒಂಟಿ ಏನಿದ್ರೂ ಸಾವಿನ ಮನೆಗೆ. ಬೀಗರು ಹೊಸಿಲು ದಾಟಿಸಲ್ಲ, ನೋಡ್ತಿರು."

"ನಮ್ಮಂಗಡೀಲಿ ಹೊಸದಿದೆ, ಜೊತೆಗಿಟ್ಬಿಡು," ಎಂದ ಅವಳ ಗಂಡ.

"ನಾನು ಮಾತು ಕೊಟ್ಟಿದ್ದು ಅಜ್ಜಿಯ ಜಾಡಿ! ನಿಮ್ಮಂಗಡಿ ನೀಲಿ ಮೊದಲನೇ ಸಲ ತೊಳೆದ್ರೇ ನೀರುಪಾಲು."

"ಹಾಗಾದ್ರೆ ಹೋಗಿ ತಮ್ಮನ ಕಾಲು ಹಿಡಿ."

"ಹಿಡೀತೀನಿ, ಮುರಿಯೋಕೆ! ಇದನ್ನ ಅವನ ಮೂಗಿನ ಮುಂದೆ ಹಿಡಿದು ಕೇಳ್ತೀನಿ, ಇದರ ಜೋಡಿ ಯಾವನ ಮನೇಲಿ ಧೂಳು ತಿಂತಿದೆ ಅಂತ!" ಗೆನ್‌ಶೆಂಗ್ ಜಾಡಿಯನ್ನು ಕಂಕುಳಿಗೆ ಸೇರಿಸಿ ಹೊರಟ. ಅರ್ಧ ಓಣಿಯೇ ಅವನ ಹಿಂದೆ ಹೊರಟಿತು.

ತಮ್ಮ ಚುನ್‌ಮಾವ್‌ನ ಮನೆಗೆ ಬೀಗ.

"ಈಗಷ್ಟೇ ಕೆಂಪು ಗಂಟು ಹಿಡ್ಕೊಂಡು ಹೋದ," ಎಂದ ಎದುರಿನ ಶಾವಿಗೆ ಅಂಗಡಿಯವನು.

"ಇವತ್ತು ಸೋಮವಾರ! ಹಳೇ ಸಾಮಾನಿನ ಸಂತೆ!" ಅತ್ತೆಗೆ ತಟ್ಟನೆ ಹೊಳೆಯಿತು. "ಅಯ್ಯೋ, ಮಾರೋಕೆ ಹೋಗಿದ್ದಾನೆ ಕಣೋ!"

ಗೆನ್‌ಶೆಂಗ್‌ನ ತಲೆ ಪಿಂಗಾಣಿ ಭಟ್ಟಿಯಂತೆ ಹೊತ್ತಿಕೊಂಡಿತು. "ಅಜ್ಜಿಯ ಜಾಡಿ ಮಾರ್ತಾನಾ? ಮಾರಲಿ! ನಾಳೆ ಅವನ ಮಗನ ಮದುವೆಗೆ ಇದನ್ನ ಕೇಳ್ಕೊಂಡು ಬರ್ತಾನಲ್ಲ, ಆಗ ಇಲ್ಲೇ ಚೂರು ಆಯ್ಕೊಳ್ಳಲಿ!"

ಜಾಡಿ ತಮ್ಮನ ಹೊಸಿಲಿಗೆ ಬಡಿದು ಚೂರುಚೂರಾಯಿತು. ಶಾವಿಗೆಯವನು ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದ.

ಗೆನ್‌ಶೆಂಗ್ ಬುಸುಗುಡುತ್ತ ಮನೆಗೆ ಬಂದರೆ ಅಂಗಳದ ಮಣೆಯ ಮೇಲೆ ಚುನ್‌ಮಾವ್ ಕೂತಿದ್ದ. ಅವನೂ ಬುಸುಗುಡುತ್ತಿದ್ದ. ಅಣ್ಣನತ್ತ ನೋಡದೆ ಗೋಡೆಗೆ ಹೇಳಿದ: "ನಿನ್ನ ಮುಖ ನೋಡೋಕೆ ಬಂದಿಲ್ಲ. ಮಗೂಗೋಸ್ಕರ ಬಂದೆ. ಹಿಂದಿನ ಓಣಿಯಿಂದ ಬಂದೆ, ಆ ಅತ್ತೆ ಕಣ್ಣಿಗೆ ಬೀಳಬಾರ್ದು ಅಂತ."

ಕೆಂಪು ಗಂಟು ಬಿಚ್ಚಿ ತನ್ನ ಜಾಡಿಯನ್ನು ಮೇಜಿನ ಮೇಲಿಟ್ಟ.

"ಕಂಬದ ಹಾಗೆ ಯಾಕೆ ನಿಂತಿದ್ದೀಯಾ? ಎಲ್ಲಿ ನಿಂದು? ತಂದು ಜೊತೆಗಿಡು."

ಓಣಿಯ ತುದಿಯಲ್ಲಿ ಬೀಗರ ಪಟಾಕಿ ಸಿಡಿಯತೊಡಗಿತು.

ಚೈಯುನ್ ಜಾಡಿಗಳಿಲ್ಲದೆ ಗಂಡನ ಮನೆಗೆ ಹೋದಳು. ಗೆನ್‌ಶೆಂಗ್ ಕೊಟ್ಟ ಮಾತು ನಡೆಯಲಿಲ್ಲ.