ಅಪಘಾತದ ವಕೀಲಬಾಯಿ ಕಂಡ ಮಹಾನುಭಾವರು

ಮನುಷ್ಯರಿಗೆ ಬುದ್ಧಿ ಬರುವವರೆಗೂ ನನಗೆ ಕೆಲಸ ತಪ್ಪುವುದಿಲ್ಲ, ಕೆಲಸವಿರುವವರೆಗೂ ನಗು ತಪ್ಪುವುದಿಲ್ಲ. ಬೆಳಗಾವಿ ಮತ್ತು ಖಾನಾಪುರದ ಕೋರ್ಟುಗಳಲ್ಲಿ ಅಪಘಾತ ಪರಿಹಾರದ ಕೇಸುಗಳನ್ನೇ ನಡೆಸುತ್ತ ನನ್ನ ತಲೆ ಹಣ್ಣಾಗಿದೆ. ಲಾರಿ ಗುದ್ದಿದವರು, ಬೈಕಿನಿಂದ ಬಿದ್ದವರು, ಬಸ್ಸಿನ ಬಾಗಿಲಿಗೆ ಬೆರಳು ಕೊಟ್ಟವರು, ಇವರೇ ನನ್ನ ಅನ್ನದಾತರು. ಮದುವೆಮನೆಗಳಲ್ಲಿ ನಮ್ಮ ಅತ್ತಿಗೆ ನನ್ನನ್ನು "ಇಕಿ ಆ್ಯಕ್ಸಿಡೆಂಟ್ ವಕೀಲಬಾಯಿ" ಎಂದೇ ಪರಿಚಯ ಮಾಡಿಸುತ್ತಾಳೆ. ಕೇಳಿದವರು ಕೂಡಲೇ ಹಿಂದೆ ಸರಿಯುತ್ತಾರೆ, ನಾನೇ ಗುದ್ದುತ್ತೇನೋ ಎನ್ನುವ ಹಾಗೆ. ಹಾಗೆ ಸರಿದವರೇ ಊಟವಾದ ಮೇಲೆ ಕೈ ತೊಳೆಯುವಲ್ಲಿ ಬಂದು, "ಬಾಯಾರ, ನಮ್ಮ ಅಳಿಯಾಂದು ಒಂದ ಕೇಸ್ ಐತ್ರಿ" ಎಂದು ಪಿಸುಗುಡುತ್ತಾರೆ.

ಗಾಯವಾದವರ ಬಗ್ಗೆ ನನಗೆ ತಮಾಷೆ ಇಲ್ಲ. ಗಾಯದ ಸುತ್ತ ನೊಣದಂತೆ ಮುತ್ತಿಕೊಳ್ಳುವ ಮಹಾನುಭಾವರನ್ನು ಕಂಡಾಗ ಮಾತ್ರ ನನ್ನ ಬಾಯಿ ನನ್ನ ಕೈಯಲ್ಲಿ ಇರುವುದಿಲ್ಲ.

ಹೆಬ್ಬೆಟ್ಟು

ನಮ್ಮ ಪೈಕಿ ಒಬ್ಬ ವಕೀಲರಿದ್ದಾರೆ. ಅವರು ಕಾನೂನಿನ ಪುಸ್ತಕ ತೆರೆದದ್ದನ್ನು ಕಂಡವರಿಲ್ಲ, ಆದರೂ ಕೇಸುಗಳಿಗೆ ಬರ ಬಂದಿಲ್ಲ. ಆಸ್ಪತ್ರೆಯ ಗೇಟಿನೆದುರು ಚಹಾದಂಗಡಿಯಲ್ಲಿ ಅವರ ಏಜೆಂಟ್ ಒಬ್ಬ ಕೂತಿರುತ್ತಾನೆ. ಆಂಬುಲೆನ್ಸ್ ಬಂತೆಂದರೆ ಡಾಕ್ಟರಿಗಿಂತ ಮೊದಲು ಸ್ಟ್ರೆಚರ್ ಮುಟ್ಟುವವನು ಅವನೇ. ಕಿಸೆಯಲ್ಲಿ ಮಸಿಯ ಪ್ಯಾಡು, ಕೈಯಲ್ಲಿ ವಕಾಲತ್ತಿನ ಕಾಗದ. ಎಚ್ಚರ ಇದ್ದವರಿಂದ ಸಹಿ, ಇಲ್ಲದವರಿಂದ ಹೆಬ್ಬೆಟ್ಟು. ಕಣ್ಣು ಬಿಡುವಷ್ಟರಲ್ಲಿ ಪೇಷಂಟ್ ಹೋಗಿ ಕಕ್ಷಿದಾರನಾಗಿರುತ್ತಾನೆ.

ಒಂದು ದಿನ ಈ ವಕೀಲರು ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ರಸ್ತೆಯ ಆಚೆ ಬದಿಗೆ ಎರಡು ಬೈಕು ತಾಗಿಕೊಂಡು ಜಗಳ ನಡೆದಿತ್ತು. ಅದನ್ನು ಆಸೆಯಿಂದ ನೋಡುತ್ತ ನೋಡುತ್ತ ಇವರು ನೇರ ಹೋಗಿ ವಿದ್ಯುತ್ ಕಂಬಕ್ಕೆ ಗುದ್ದಿದರು. ತಲೆಗೆ ಪೆಟ್ಟು, ಮುಖದ ತುಂಬ ರಕ್ತ, ಎಚ್ಚರವಿಲ್ಲ. ಜನ ಎತ್ತಿ ಅದೇ ಆಸ್ಪತ್ರೆಗೆ ಸೇರಿಸಿದರು.

ಮರುದಿನ ನಾನು ನೋಡಲು ಹೋದಾಗ ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಹಾಸಿಗೆಯ ಮೇಲೆ ಕೂತು ಕೂಗಾಡುತ್ತಿದ್ದರು. ಎಡಗೈ ಹೆಬ್ಬೆರಳು ನೀಲಿಯಾಗಿತ್ತು. ಎದುರಿಗೆ ಅವರ ಏಜೆಂಟ್ ಕೈಕಟ್ಟಿ ನಿಂತಿದ್ದ. "ಏ ಕತ್ತಿಮಗನ, ಹತ್ತು ವರ್ಷ ನನ್ನ ಕಡೆ ದುಡದಿ, ನನ್ನ ಹೆಬ್ಬೆಟ್ಟ ತಗೊಂಡೀಯಲ್ಲೋ! ನಾ ಅಂತ ಗೊತ್ತಾಗಲಿಲ್ಲೇನು?"

ಏಜೆಂಟ್ ಮೆಲ್ಲಗೆ ಹೇಳಿದ, "ಮಾರಿ ಯಾರ ನೋಡತಾರ್ರಿ ಸಾಹೇಬ್ರ? ನೀವ ಹೇಳೀರಲ್ಲಾ, ಹೆಬ್ಬೆಟ್ಟ ಅಷ್ಟ ನೋಡು ಅಂತ."

ಉಳಿದವನು

ಇನ್ನು ಅಂಗವೈಕಲ್ಯದ ಸರ್ಟಿಫಿಕೇಟು ಕೊಡುವ ಡಾಕ್ಟರುಗಳು. ಎಲ್ಲರೂ ಹಾಗಲ್ಲ, ಹಾಗಿರುವವರು ಸಾಕಷ್ಟು ಇದ್ದಾರೆ. ಅಂಥವರೊಬ್ಬರು ಶೇಕಡಾವಾರನ್ನು ಪ್ರಸಾದದಂತೆ ಹಂಚುತ್ತಿದ್ದರು, ಕೈಯೊಡ್ಡಿದವರಿಗೆ ಇಲ್ಲ ಎನ್ನುತ್ತಿರಲಿಲ್ಲ.

ಒಂದು ಕೇಸಿನಲ್ಲಿ ನನ್ನ ಎದುರಾಳಿಯ ಪರ ಅವರು ಸಾಕ್ಷಿ ಹೇಳಲು ಬಂದರು. ಟ್ರ್ಯಾಕ್ಟರಿನಿಂದ ಬಿದ್ದ ದಪ್ಪ ಗೃಹಸ್ಥನೊಬ್ಬ ಪರಿಹಾರ ಕೇಳಿದ್ದ, ನಾನು ಅಂದು ಟ್ರ್ಯಾಕ್ಟರ್ ಮಾಲೀಕನ ಪರ. ಡಾಕ್ಟರು ಕಾಲಿಗೆ ಇಷ್ಟು, ಕೈಗೆ ಇಷ್ಟು, ಸೊಂಟಕ್ಕೆ ಇಷ್ಟು, ಕುತ್ತಿಗೆಗೆ ಇಷ್ಟು ಎಂದು ಓದುತ್ತ ಹೋದರು. ಜಡ್ಜರು ಪಕ್ಕದಲ್ಲಿ ಬರೆದುಕೊಂಡು ಕೂಡಿಸಿದರು. ಕೂಡಿಸಿ ಕನ್ನಡಕ ತೆಗೆದು ಮತ್ತೊಮ್ಮೆ ಕೂಡಿಸಿದರು.

"ಡಾಕ್ಟರೇ, ನೂರು ದಾಟಿತಲ್ರೀ. ನಿಮ್ಮ ಲೆಕ್ಕದ ಪ್ರಕಾರ ಈ ಮನುಷ್ಯ ಪೂರ್ತಿ ಹೋಗಿ ಇನ್ನೂ ಸ್ವಲ್ಪ ಹೆಚ್ಚೇ ಹೋಗಿದ್ದಾನೆ. ಹಾಗಾದರೆ ಅಲ್ಲಿ ಬಾಗಿಲ ಹತ್ತಿರ ಶೇಂಗಾ ತಿನ್ನುತ್ತಾ ನಿಂತಿರೋನು ಯಾರು?"

ಡಾಕ್ಟರು ಬಾಯಿ ಬಿಡುವ ಮೊದಲೇ ಗೃಹಸ್ಥ ಶೇಂಗಾ ಕಿಸೆಗೆ ಹಾಕಿ ಕೈ ಮುಗಿದ. "ನಾನ್ರೀ ಸಾಹೇಬ್ರ. ಡಾಕ್ಟರ್ ಲೆಕ್ಕಾ ಬರದ ಮ್ಯಾಲ ಉಳದಾಂವ."

ಕೊಸರು

ವಿಮಾ ಕಂಪನಿಯವರ ಧಾರಾಳತನ ನೋಡಬೇಕೆಂದರೆ ಲೋಕ ಅದಾಲತ್ತಿಗೆ ಬರಬೇಕು. ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಜಾಗ ಅದು. ಹೆಸರು ರಾಜಿ, ನಡೆಯುವುದು ಸಂತೆ. ಪಾಲಿಸಿ ಮಾರುವಾಗ ಹಲ್ಲು ಕಿಸಿಯುವ ಕಂಪನಿ, ಕೊಡುವ ಹೊತ್ತಿಗೆ ಹಲ್ಲು ಕಚ್ಚುತ್ತದೆ.

ಖಾನಾಪುರದ ಬಜಾರಿನಲ್ಲಿ ಕಾಯಿಪಲ್ಯೆ ಮಾರುವ ಹೆಣ್ಣುಮಗಳೊಬ್ಬಳ ಕಾಲು ಜೀಪಿನ ಗಾಲಿಯ ಕೆಳಗೆ ಸಿಕ್ಕು ಕೆಲಸಕ್ಕೆ ಬಾರದಂತಾಗಿತ್ತು. ಕಂಪನಿಯ ಆಫೀಸರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕೂತು, ಅವಳ ಕಾಲನ್ನು ನೋಡುವ ಕಷ್ಟವನ್ನೂ ತೆಗೆದುಕೊಳ್ಳದೆ ಹೇಳಿದ, "ಕಾಲ ಮುರದದ್ದು ಖರೇ ಐತ್ರಿ. ಆದ್ರ ಕುಂತ ಮಾರೂ ವ್ಯಾಪಾರಕ್ಕ ಕಾಲ ಯಾತಕ್ಕ ಬೇಕ್ರಿ?"

ನನಗೆ ಮೈ ಉರಿದು ಹೋಯಿತು. ನಾನು ಏಳುವಷ್ಟರಲ್ಲಿ ಅವಳೇ ಉತ್ತರಿಸಿದಳು. "ಸಾಹೇಬ್ರ, ನೀವೂ ಕುಂತ ನೌಕರಿ ಮಾಡಾವ್ರು. ನಿಮಗ ಎರಡ ಕಾಲ ಯಾಕರಿ? ಒಂದ ನನಗ ಕೊಡ್ರಿ, ಕೇಸ್ ಇಲ್ಲೇ ಮುಗಸೂಣು."

ಅಲ್ಲಿಂದ ಮುಂದೆ ನಾನು ಬಾಯಿ ತೆರೆಯುವ ಅವಶ್ಯಕತೆ ಬೀಳಲಿಲ್ಲ. ಅವನು ಒಂದು ಮೊತ್ತ ಹೇಳಿದ. ಅವಳು ಕೊಳೆತ ಬದನೆಕಾಯಿ ಕಂಡಂತೆ ಮುಖ ಮಾಡಿದಳು. ಅವನು ಏರಿಸಿ, ಇದೇ ಕಡೇ ಮಾತು ಎಂದ. ಅವಳು ಬಡಿಗೆ ಊರಿಕೊಂಡು ಎದ್ದು ಬಾಗಿಲಿನ ಕಡೆ ನಡೆದಳು. ಜೀವನಪೂರ್ತಿ ಗಿರಾಕಿಗಳು ತನ್ನೆದುರು ಹೀಗೆ ಎದ್ದು ಹೋದದ್ದನ್ನು ಕಂಡವಳು, ಹಿಂದಿನಿಂದ ಯಾವಾಗ ಕರೆ ಬರುತ್ತದೆ ಎಂದು ಅವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತು? ಹೊಸ್ತಿಲಲ್ಲಿ ಕರೆ ಬಂತು. "ಬರ್ರಿ ಬಾಯಿ, ಬರ್ರಿ! ಕುಂದರ್ರಿ. ಇಷ್ಟ್ಯಾಕ ಸಿಟ್ಟ?" ನಾನು ಕೇಳಬೇಕೆಂದಿದ್ದಕ್ಕಿಂತ ಹೆಚ್ಚಿಗೆ ರಾಜಿಯಾಯಿತು. ಕಾಗದಕ್ಕೆ ಸಹಿ ಹಾಕಿ, ಅವಳು ಆಫೀಸರನ ಮುಖ ನೋಡುತ್ತ ಕೂತೇ ಇದ್ದಳು.

"ಇನ್ನೇನವ್ವಾ? ಎಲ್ಲಾ ಆತಲ್ಲ?"

"ಕೊಸರು?" ಎಂದಳು. "ಮ್ಯಾಲ ಪುಕ್ಕಟೆ ಕೊತಂಬರಿ ಇಲ್ದ ನಾ ಯಾವ ಗಿರಾಕೀನೂ ಕಳಿಸಾಕಿ ಅಲ್ರೀ."

ಆಫೀಸರು ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಸಹಿ ಮಾಡಿದ ತನ್ನ ಪೆನ್ನನ್ನು ಕೊಟ್ಟು ಎದ್ದ.

ಬೆನ್ನು

ಇದೊಂದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಮೊದಲು ಬರುತ್ತದೆ, ನಗು ಆಮೇಲೆ.

ಖಾನಾಪುರದ ಹಳೆಯ ಪೈಲ್ವಾನರೊಬ್ಬರು ನನ್ನ ಕಕ್ಷಿದಾರರು. ವಯಸ್ಸಾಗಿ ಕುಸ್ತಿ ಬಿಟ್ಟು ಗರಡಿಮನೆಯಲ್ಲಿ ಹುಡುಗರಿಗೆ ಪಟ್ಟು ಕಲಿಸುತ್ತಿದ್ದರು. ದೇಸೂರಿನ ಹತ್ತಿರ ರಸ್ತೆಯ ಅಂಚಿಗೆ ಬಸ್ಸಿಗಾಗಿ ನಿಂತಿದ್ದಾಗ ಹಂಚು ತುಂಬಿದ ಟೆಂಪೋ ಒಂದು ಬಂದು ಗುದ್ದಿತು. ಬೆನ್ನುಹುರಿಯ ಹತ್ತಿರ ಎಲುಬು ಮುರಿಯಿತು. ಆಪರೇಷನ್ ಆಗದಿದ್ದರೆ ನೆಟ್ಟಗೆ ನಿಲ್ಲುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ನಿಗೆ ಈ ಪರಿಹಾರದ ಹಣ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅವರ ಹೆಂಡತಿ ನನ್ನ ಆಫೀಸಿಗೆ ಬಂದಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಾಯಾರ, ಅವ್ರನ್ನ ನಿಂದ್ರಸ್ರಿ, ಅಷ್ಟ ಸಾಕು" ಎನ್ನುತ್ತಿದ್ದರು.

ವಿಮಾ ಕಂಪನಿಯ ವಾದ ಏನೆಂದರೆ, ಈ ಮನುಷ್ಯನ ಬೆನ್ನು ಕುಸ್ತಿಯಲ್ಲೇ ಹಾಳಾಗಿತ್ತು, ಟೆಂಪೋ ಬರೀ ಸವರಿಕೊಂಡು ಹೋಗಿದೆ, ಅದೂ ಇವರೇ ಅಡ್ಡ ಬಂದದ್ದಕ್ಕೆ. ಆದ್ದರಿಂದ ಪೈಲ್ವಾನರು ಕಟಕಟೆಯಲ್ಲಿ ನಿಂತು, ಟೆಂಪೋ ಗುದ್ದಿದ್ದಕ್ಕೆ ಗಿರ್ರನೆ ತಿರುಗಿ ಅಂಗಾತ ಬಿದ್ದೆ, ಬೆನ್ನು ರಸ್ತೆಗೆ ಬಡಿಯಿತು ಎಂದು ಒಂದು ಮಾತು ಹೇಳಬೇಕಿತ್ತು. ಅದು ನಿಜವೂ ಆಗಿತ್ತು. ನಿಜ ಹೇಳಿ ಎಂದು ಕಕ್ಷಿದಾರನ ಕಾಲು ಹಿಡಿಯಬೇಕಾದ ಪ್ರಸಂಗ ನನ್ನ ವೃತ್ತಿಯಲ್ಲಿ ಇದೊಂದೇ.

"ಬಿದ್ದೆ ಅಂತೇನಿ ಬಾಯಾರ. ಬೆನ್ನ ಮ್ಯಾಲ ಅನ್ನೂದಿಲ್ಲ."

"ಮತ್ತ ಹೆಂಗ ಬಿದ್ರಿ?"

"ಬಕ್ಕಬಾರ್ಲೆ ಅಂತ ಬರೀರಿ."

"ಬಕ್ಕಬಾರ್ಲೆ ಬಿದ್ರ ಮೂಗ ಮುರೀತೈತ್ರಿ, ಬೆನ್ನ ಅಲ್ಲ!"

"ಮೂಗ ಮುರದೈತಿ ಅಂತ ಬರೀರಿ. ಏನೂ ಅಡ್ಡಿ ಇಲ್ಲ."

ಕಾರಣವನ್ನು ಅವರ ಹೆಂಡತಿ ಹೊರಗೆ ಬಂದು ಹೇಳಿದರು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಸೋಲು. ಇವರ ಬೆನ್ನಿಗೆ ಒಮ್ಮೆಯೂ ಮಣ್ಣು ಹತ್ತಿಲ್ಲ ಎಂಬುದು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿದ್ದ ಮಾತು. ಈಗ ಬಜಾರಿನಲ್ಲಿ ಕೆಲಸವಿಲ್ಲದ ಮಂದಿ ಆ ಟೆಂಪೋ ಡ್ರೈವರನನ್ನೇ "ಬಾರಪ್ಪಾ ಪೈಲ್ವಾನ" ಎಂದು ಕರೆಯಲು ಶುರು ಮಾಡಿದ್ದರು. ಆ ಮೂರ್ಖನೂ ಹಿಗ್ಗಿ, ಟೆಂಪೋದ ಹಿಂದೆ, ಕುಸ್ತಿ ಗೆದ್ದವರಿಗೆ ಕೊಡುವ ಗದೆಯ ಚಿತ್ರ ಬರೆಸಿಕೊಂಡಿದ್ದ. ಅಷ್ಟೂ ಜನರ ತಲೆಗೆ ಒಂದು ಹಂಚು ಬೀಳಬಾರದಿತ್ತೇ ಎನಿಸಿತು ನನಗೆ.

ಸಾಕ್ಷಿಯ ದಿನ ಬಂತು. ಗರಡಿಮನೆಯ ಶಿಷ್ಯರೆಲ್ಲ ಬಂದು ಕೋರ್ಟಿನ ಬೆಂಚುಗಳನ್ನು ತುಂಬಿದರು. ಬರಬೇಡಿ ಎಂದು ನಾನು ಹೇಳಿ ಕಳಿಸಿದ್ದೆ, ಅದಕ್ಕೇ ಒಬ್ಬರೂ ತಪ್ಪಿಸಲಿಲ್ಲ. ಗುರುಗಳು ಬಡಿಗೆ ಹಿಡಿದು, ತಲೆಗೆ ಪಟಕಾ ಸುತ್ತಿಕೊಂಡು, ನೋವಿಗೆ ಹಲ್ಲು ಕಚ್ಚಿ ಕಟಕಟೆ ಹತ್ತಿದರು. ನಾನು ಎಷ್ಟು ಸುತ್ತಿ ಕೇಳಿದರೂ "ಬಿದ್ದೇನಿ" ಎನ್ನುವುದರ ಆಚೆ ಒಂದು ಹೆಜ್ಜೆ ಇಡಲಿಲ್ಲ.

ಪಾಟೀಸವಾಲಿಗೆ ಕಂಪನಿಯ ವಕೀಲರು ಎದ್ದರು. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ, ಅಂಥ ಗಿರಾಕಿ. "ಪೈಲ್ವಾನ್ರ, ನಿಮ್ಮ ಹೆಸರ ಭಾಳ ಕೇಳೇನ್ರಿ. ನಿಮ್ಮ ಬೆನ್ನಿಗೆ ಜೀವಮಾನದಾಗ ಮಣ್ಣ ಹತ್ತಿಲ್ಲಂತ, ಖರೇ ಏನ್ರಿ?"

"ಖರೇ ಐತಿ," ಎಂದು ಪೈಲ್ವಾನರು ಎದೆ ಉಬ್ಬಿಸಿದರು.

"ಇವತ್ತಿನ ತನಕಾ?"

"ಇವತ್ತಿನ ತನಕಾ."

"ಟೆಂಪೋ ಬಂದ ದಿನಾನೂ?"

"ಯಾವ ದಿನಾನೂ ಇಲ್ಲ!"

ಶಿಷ್ಯರು ಚಪ್ಪಾಳೆ ತಟ್ಟಿದರು. ಕಂಪನಿಯ ವಕೀಲರು ನನ್ನ ಕಡೆ ನೋಡಿ ನಕ್ಕು, "ಬರಕೊಳ್ರಿ" ಎಂದು ಕೂತರು. ಆಪರೇಷನ್ನು ನನ್ನ ಕಣ್ಣೆದುರೇ ಕೈಬಿಟ್ಟು ಹೋಯಿತು. ಈ ಗಂಡಸರ ಒಣ ಪ್ರತಿಷ್ಠೆಗೆ ಬೆಂಕಿ ಹಾಕಬೇಕು ಎಂದುಕೊಂಡು ಕಾಗದಗಳನ್ನು ಮಡಚುತ್ತಿದ್ದೆ.

ಆಗ ಹಿಂದಿನ ಬೆಂಚಿನಿಂದ ಪೈಲ್ವಾನರ ಹೆಂಡತಿ ಎದ್ದು ನಿಂತರು. "ಸುಳ್ಳ ಹೇಳಾಕತ್ತಾರ್ರಿ ಸಾಹೇಬ್ರ! ಅಂಗಿ ಒಗದಾಕಿ ನಾನದೇನಿ. ಬೆನ್ನ ತುಂಬ ಮಣ್ಣ ಹತ್ತಿತ್ತು, ತಿಕ್ಕಿ ತಿಕ್ಕಿ ಕೈ ಸೋತು!"

ಪೈಲ್ವಾನರು ಕಟಕಟೆಯಿಂದಲೇ ಗುಡುಗಿದರು. "ಏ ಹುಚ್ಚಿ! ಅದು ಮಣ್ಣಲ್ಲ, ಡಾಂಬರ!"

ಜಡ್ಜರು ಮೈಸೂರು ಕಡೆಯವರು, ಆ ಹೆಣ್ಣುಮಗಳನ್ನು ಕೂರಿಸಿ ಪೈಲ್ವಾನರ ಕಡೆ ತಿರುಗಿದರು. "ಡಾಂಬರಾದರೆ ಏನ್ರೀ ವ್ಯತ್ಯಾಸ?"

"ಭಾಳ ವ್ಯತ್ಯಾಸ ಐತ್ರಿ ಸಾಹೇಬ್ರ. ಕುಸ್ತಿ ಅಂದ್ರ ಕೆಂಪ ಮಣ್ಣ ಬೇಕ್ರಿ, ತೀರ್ಪ ಕೊಡೂ ಪಂಚರು ಬೇಕ್ರಿ, ಹಲಗಿ ಬಾರಸಬೇಕ್ರಿ. ಡಾಂಬರದ ಮ್ಯಾಲ ಬಿದ್ರ ಅದಕ್ಕ ಸೋಲು ಅನ್ನೂದಿಲ್ರಿ."

ನಾನು ಮಡಚಿದ ಕಾಗದ ಬಿಟ್ಟು ಎದ್ದೆ. "ಹಂಗಾದ್ರ ಪೈಲ್ವಾನ್ರ, ಡಾಂಬರಕ್ಕ ಬೆನ್ನ ಹತ್ತಿತ್ತೇನ್ರಿ?"

ಕಂಪನಿಯ ವಕೀಲರು ಆಕ್ಷೇಪ ಎಂದು ಎದ್ದರು. ಜಡ್ಜರು ಕೈ ತೋರಿಸಿ ಕೂರಿಸಿದರು, ಅವರಿಗೂ ಕೇಳುವ ಆಸೆ ಹುಟ್ಟಿತ್ತು.

"ಹತ್ತದ ಏನ್ರಿ? ಪೂರಾ ಹತ್ತಿತ್ತು. ಎರಡೂ ಭುಜ ಸಮೇತ, ಸೊಂಟದ ತನಕಾ. ಹತ್ತಿದ ಕೂಡ್ಲೆ ಒಳಗ ಟಕ್ ಅಂತು." ಇಷ್ಟು ಖಚಿತವಾಗಿ ನಮ್ಮ ಡಾಕ್ಟರೂ ಸಾಕ್ಷಿ ಹೇಳಿರಲಿಲ್ಲ. ಪೈಲ್ವಾನರು ಅಲ್ಲಿಗೂ ಸುಮ್ಮನಾಗದೆ ಬೆರಳೆತ್ತಿದರು. "ಇನ್ನೊಂದ ಮಾತ ಬರಕೊಳ್ರಿ ಸಾಹೇಬ್ರ. ನಾ ರಸ್ತೆ ಬಿಟ್ಟ ಬಾಜೂಕ ನಿಂತಿದ್ದೆ. ಈ ಮಗ ಹಿಂದಿನಿಂದ ಬಂದಾನ. ಹಿಂದಿನಿಂದ ಬಂದ ಹೊಡಿಯೂದು ಯಾವ ಕುಸ್ತಿಯೊಳಗೂ ನಡಿಯೂದಿಲ್ಲ."

ಕುಸ್ತಿಯಲ್ಲಿ ಅಷ್ಟೇ ಅಲ್ಲ, ಮೋಟಾರು ವಾಹನ ಕಾಯಿದೆಯಲ್ಲೂ ನಡೆಯುವುದಿಲ್ಲ. ಇವರೇ ಅಡ್ಡ ಬಂದರು ಎಂಬ ಕಂಪನಿಯ ವಾದ ಆ ಒಂದು ಮಾತಿಗೆ ನೆಲ ಕಚ್ಚಿತು. ಜಡ್ಜರು ಒಂದಕ್ಷರ ಬಿಡದೆ ಬರೆಸಿಕೊಂಡರು.

ಮುಂದೆ ತೀರ್ಪಿನ ದಿನ ಆಪರೇಷನ್ನಿಗೂ ಸಾಕಾಗಿ ಮೇಲೆ ಉಳಿಯುವಷ್ಟು ಪರಿಹಾರದ ಆದೇಶವಾಯಿತು. ಹೆಂಡತಿ ನನ್ನ ಕೈ ಹಿಡಿದು ಅತ್ತರು. ಹೊರಗೆ ಪಡಸಾಲೆಯಲ್ಲಿ ಆ ಡ್ರೈವರ್ ಕಾಯುತ್ತ ನಿಂತಿದ್ದ. ಶಿಷ್ಯರನ್ನು ಕಂಡು ಅವನ ಬಣ್ಣ ಇಳಿದಿತ್ತು. ಬಂದು ಪೈಲ್ವಾನರ ಕಾಲಿಗೆ ಬಿದ್ದು, "ತಪ್ಪಾತ್ರಿ ವಸ್ತಾದ್ರ, ಹೊಟ್ಟ್ಯಾಗ ಹಾಕ್ಕೊಳ್ರಿ" ಎಂದ. ಕಂಪನಿಯ ವಕೀಲರೂ ಅಲ್ಲೇ ಕಿವಿ ನಿಮಿರಿಸಿ ನಿಂತಿದ್ದರು. ಅಪೀಲಿಗೆ ಇನ್ನೂ ಅವಕಾಶವಿತ್ತು. ಮಾತಾಡಬೇಡಿ ಎಂದು ನಾನು ಸನ್ನೆ ಮಾಡಿದೆ, ಹೆಂಡತಿ ಅಂಗಿ ಹಿಡಿದು ಎಳೆದರು.

ಪೈಲ್ವಾನರು ಬಡಿಗೆಯನ್ನು ಶಿಷ್ಯನೊಬ್ಬನ ಕೈಗೆ ಕೊಟ್ಟು, ಗೋಡೆ ಹಿಡಿದು ಆದಷ್ಟು ನೆಟ್ಟಗಾದರು.

"ಮಾಫ್ ಮಾಡೇನಿ, ಏಳು. ಆದ್ರ ನನ್ನ ಕೆಡವೇನಿ ಅಂತ ಊರಾಗ ಹೇಳಬೇಕಂದ್ರ, ಈ ಬೆನ್ನ ನೆಟ್ಟಗಾದ ಮ್ಯಾಲ ಒಮ್ಮೆ ಮುಂದಿನಿಂದ ಬಾ. ಖಾಲಿ ಟೆಂಪೋ ಬ್ಯಾಡ. ಹಂಚ ತುಂಬಕೊಂಡ ಬಾ."