ಕೆಡಿಸಿಟ್ಟ ಮಣಿಸರ

ತಬ್ರೇಜ ಸರ್ ವಾರವಿಡೀ ಕೂತು ಕೆಡಿಸಿದ್ದನ್ನು ಅವರ ತಾಯಿ ರಮಜಾನಬಿ ಬೆಳಗಿನ ಚಹಾ ಕುದಿಯುವುದರೊಳಗೆ ಸರಿ ಮಾಡಿಬಿಟ್ಟಿದ್ದರು.

ಸರ್ ಆಲಮೇಲದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾರೆ. ಅವರ ಪ್ರಯೋಗಾಲಯದಲ್ಲಿ ಮುರಿದ ಬೆಂಚುಗಳು ಸಂಸಾರ ಹೂಡಿವೆ, ಮೈಕ್ರೋಸ್ಕೋಪು ವರಾಂಡದಲ್ಲಿದೆ. "ಸಿಂದಗಿ ವಿಜ್ಞಾನ ಪ್ರದರ್ಶನದಾಗ ಗೆದ್ದ ಬರ್ರಿ, ಆ ಖೋಲಿ ನಿಮ್ಮದು" ಎಂದಿದ್ದರು ಪ್ರಿನ್ಸಿಪಾಲ ಸಂಜೀವಕುಮಾರ. ಅದಕ್ಕೇ ಸರ್ ಹಟ ಹಿಡಿದು ಡಿಎನ್‌ಎ ಮಾದರಿ ಮಾಡಿದ್ದರು. ಎರಡು ದಾರ, ತುಂಬ ಮಣಿ. ಕೆಂಪಿನ ಎದುರು ಹಸಿರು, ಹಳದಿಯ ಎದುರು ನೀಲಿ. ನಡುವೆ ಬೇಕೆಂದೇ ಒಂದು ಕರಿ ಮಣಿ. ಬಿಸಿಲು, ಹೊಗೆ ತಾಗಿ ಹೀಗೆ ಕೆಟ್ಟಿದ್ದನ್ನು ನಮ್ಮ ಜೀವಕೋಶ ಹೇಗೆ ರಿಪೇರಿ ಮಾಡಿಕೊಳ್ಳುತ್ತದೆಂದು ತೋರಿಸಬೇಕಿತ್ತು.

"ಕೆಂಪಿನ ಎದುರ ಎಲ್ಲಾ ಕಡಿ ಹಸರ ಐತಿ. ಇಲ್ಲಷ್ಟ ಯಾಕ ಕರಿದು? ತಗದು ಹಸರ ಹಾಕೇನಿ" ಎಂದರು ರಮಜಾನಬಿ.

"ಅಮ್ಮಾ, ಅದು ಕೆಟ್ಟಿದ್ದ ಇರಬೇಕಾಗಿತ್ತು."

"ಕೆಟ್ಟಿದ್ದು ತಗೊಂಡು ಯಾರರೆ ಪರ ಊರಿಗೆ ಹೋಗ್ತಾರೇನಪಾ?"

ಎದುರಿನ ಎಳೆ ನೋಡಿ ಕೆಟ್ಟಿದ್ದು ತೆಗೆದು ಸರಿಯಾದದ್ದು ಕೂರಿಸುವುದು, ಜೀವಕೋಶ ಮಾಡುವುದೂ ಅದನ್ನೇ. ಸರ್‌ಗೆ ಅದು ಹೊಳೆಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಸಿಂದಗಿಯ ಬಸ್ಸಿನಲ್ಲಿ ಕುಳಿತು ಕತ್ತರಿ ತೆಗೆದು ಎರಡೂ ದಾರ ತುಂಡರಿಸಿದರು. ಇದು ಇನ್ನೂ ದೊಡ್ಡ ಹಾನಿ; ನೋಡಿದವರು ದಂಗಾಗಬೇಕು.

ಅವರು ಟಿಕೆಟ್ ತೆಗೆಯುವಷ್ಟರಲ್ಲಿ ಪಕ್ಕದ ಸೀಟಿನ ದೇವಣಗಾಂವದ ಚಂದ್ರಾಮ ತುದಿಗೆ ತುದಿ ಸೇರಿಸಿ ಗಂಟು ಬಿಗಿದಿದ್ದ.

"ನಾಕ ಮಣಿ ಉದುರಿ ಹ್ವಾದ್ವು ನೋಡ್ರಿ. ಗಂಟು ಮಾತ್ರ ಗಟ್ಟಿ ಐತಿ."

ಅವಸರಕ್ಕೆ ಜೀವಕೋಶವೂ ಹೀಗೇ, ಚೂರು ಕಳೆದುಕೊಂಡಾದರೂ ತುದಿ ಜೋಡಿಸುತ್ತದೆ. ಸರ್ ಒಳಗೊಳಗೇ ಅವನನ್ನು ಮೆಚ್ಚಿಕೊಂಡರು, ಹೊರಗೆ ಇಡೀ ಬಸ್ಸಿಗೆ ಕೇಳುವಂತೆ ಬೈದರು.

ಸಿಂದಗಿಯಲ್ಲಿ ಮತ್ತೆ ಕತ್ತರಿಸಿ ಮೇಜಿನ ಮೇಲಿಟ್ಟು ಕಾವಲು ನಿಂತರು. ಕೈ ಚಾಚಿದವರನ್ನೆಲ್ಲ ಗದರಿಸಿದರು. ಕಾಲೇಜಿನಿಂದ ಬಂದಿದ್ದ ಸಹೋದ್ಯೋಗಿಗಳೂ ಪ್ರಿನ್ಸಿಪಾಲರೂ ಬೈಸಿಕೊಂಡರು. ಆಗ ಸರ್‌ಗೆ ಒಂದು ವಿಚಾರ ಬಂತು: ಬಾಯಲ್ಲಿ ವಿವರಿಸುವುದು ಯಾಕೆ? ಈ ಜನರೇ ನನ್ನ ಪ್ರಯೋಗ. ನಾನು ಸುಮ್ಮನಿದ್ದರೆ ತಾವಾಗಿಯೇ ರಿಪೇರಿ ಮಾಡುತ್ತಾರೆ.

ತೀರ್ಪು ಕೊಡಲು ಬಂದ ಗುಲನಾಜ ಮೇಡಂ ಬಗ್ಗಿ ನೋಡಿದರು. "ಹರದೈತಲ್ರಿ. ರಿಪೇರಿ ಎಲ್ಲೈತಿ?"

"ಒಂದೀಟು ನಿಂದರ್ರಿ ಮೇಡಂ. ಯಾರೂ ಹೇಳದನ ಆಗ್ತೈತಿ."

ಎಲ್ಲರೂ ಕೈ ಬೆನ್ನಿಗೆ ಕಟ್ಟಿ ನಿಂತಿದ್ದರು. ಸರ್ ಕಣ್ಸನ್ನೆ ಮಾಡಿದರು, ಕೊನೆಗೆ ಬಾಯಿಬಿಟ್ಟು ಕೇಳಿದರು: "ಮುಟ್ಟ್ರಿ ಯಾರರೆ."

"ಬ್ಯಾಡ್ರಿಪಾ. ಒಮ್ಮೆ ಬೈಸ್ಕೊಂಡಿದ್ದ ಸಾಕು" ಎಂದರು ಪ್ರಿನ್ಸಿಪಾಲರು.

ಸರ್ ತಾವೇ ದಾರಕ್ಕೆ ಕೈ ಹಾಕಿದರೆ ಬೆವರಿಗೆ ಅದು ಜಾರಿತು. ಮೇಡಂ ಮುಂದಿನ ಮೇಜಿಗೆ ಹೋದರು. ಬಹುಮಾನವೂ ಆ ಮೇಜಿಗೇ ಹೋಯಿತು.

ನಳದ ಕೆಳಗೆ ಮುಖ ತೊಳೆದು ಬರುವಾಗ ಸರ್‌ಗೆ ಅಳು ಬಂದಂತಾಗಿತ್ತು. ಮೇಜಿನ ಮೇಲೆ ಮಣಿಸರ ಇಡಿಯಾಗಿತ್ತು. ಒಂದು ಬಣ್ಣವೂ ತಪ್ಪಿರಲಿಲ್ಲ. ಸುತ್ತ ನಿಂತ ಸಹೋದ್ಯೋಗಿಗಳ ಮುಖ ಅರಳಿತ್ತು.

"ನಮಗ ನೋಡಾಕ ಆಗಲಿಲ್ರಿ, ಮಾಡಿಬಿಟ್ವಿ" ಎಂದರು ಪ್ರಿನ್ಸಿಪಾಲರು. "ಭಾಳ ಚಂದ ಆಗೈತಿ. ಇದನ್ನ ಜ್ವಾಪಾನ ಮಾಡಬೇಕು."

"ಎಲ್ಲಿ ಇಡೂದ್ರಿ ಸರ್?"

"ನಿಮ್ಮ ಲ್ಯಾಬಿನ್ಯಾಗ. ಆ ಮುರದ ಬೆಂಚಿನ ಮ್ಯಾಲ ಇನ್ನಾ ಜಾಗಾ ಐತಿ."