ಹುಣಸೆಹಣ್ಣಿನ ಮೂಟೆಗಳ ನಡುವೆ ಲೈಪ್‌ಜಿಗ್

ಕಣ್ಣಾರೆ ಕಾಣದ ಊರೊಂದರ ಮೇಲೆ ಮನಸ್ಸಿಟ್ಟ ಮನುಷ್ಯ ಎಷ್ಟು ಸಣ್ಣವನಾಗಬಲ್ಲ ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ನನ್ನದು ಹಿಂದೂಪುರ. ಮಾರುಕಟ್ಟೆಯ ಪಕ್ಕದ ವೇಬ್ರಿಡ್ಜಿನಲ್ಲಿ ಲಾರಿ ತೂಗಿ ಚೀಟಿ ಬರೆದುಕೊಡುವ ಕೆಲಸ. ಲಾರಿ ಬಂದು ನಿಂತ ಮೇಲೆ ಪರದೆಯ ಮೇಲಿನ ಅಂಕಿ ಸ್ವಲ್ಪ ಹೊತ್ತು ಓಲಾಡಿ, ಆಮೇಲೆ ಸುಮ್ಮನಾಗುತ್ತದೆ. ಆ ಸ್ವಲ್ಪ ಹೊತ್ತು ನಾನು ಜರ್ಮನಿಯಲ್ಲಿರುತ್ತಿದ್ದೆ. ಕಲ್ಲು ಹಾಸಿದ ಬೀದಿ, ತೆಳುವಾಗಿ ಉದುರುವ ಹಿಮ, ದೂರದಲ್ಲಿ ಎಲ್ಲೋ ಆರ್ಗನ್ನಿನ ದನಿ. ಅಷ್ಟರಲ್ಲಿ ಕುಂದುರ್ಪಿಯ ಕಡಲೆಕಾಯಿ ಲಾರಿಯವನು ಹಾರನ್ ಹೊಡೆಯುತ್ತಿದ್ದ. ನಾನು ಹಿಮವನ್ನು ಅಲ್ಲೇ ಬಿಟ್ಟು ಬಂದು ಚೀಟಿ ಬರೆಯುತ್ತಿದ್ದೆ.

ಇದಕ್ಕೆಲ್ಲ ಕಾರಣ ಒಂದು ಪತ್ರ. ನಮ್ಮ ಚರ್ಚಿನ ಹಾಡುಗಾರರ ಗುಂಪಿನಲ್ಲಿ ಪಾಸ್ಟರೂ ಸೇರಿ ನಾವು ಹದಿಮೂರು ಜನ: ಹಿಂದೂಪುರದವರು ಏಳು, ಕಲ್ಯಾಣದುರ್ಗದವರು ಆರು. ನಮ್ಮ ಹಾಡು ಕೇಳಿಹೋಗಿದ್ದ ಅತಿಥಿಯೊಬ್ಬರು, ಡಿಸೆಂಬರಿನಲ್ಲಿ ಜರ್ಮನಿಯ ಲೈಪ್‌ಜಿಗ್‌ಗೆ ಬನ್ನಿ ಎಂದು ಬರೆದಿದ್ದರು. ಅದು ಸಂಗೀತದ ಊರಂತೆ. ಹಿಂದಿನ ಕಾಲದ ಮಹಾ ಸಂಗೀತಗಾರರೊಬ್ಬರು ಅಲ್ಲಿನ ಒಂದು ಚರ್ಚಿನಲ್ಲಿ ಬಹುಕಾಲ ಸೇವೆ ಮಾಡಿ, ಈಗ ಅಲ್ಲಿಯೇ ಸಮಾಧಿಯಲ್ಲಿ ಮಲಗಿದ್ದಾರಂತೆ. ಆ ನೆಲದ ಮೇಲೆ ನಿಂತು ನಾವು ನಮ್ಮ ಎರಡು ಕೀರ್ತನೆ ಹಾಡಬೇಕು, ಒಂದು ಕನ್ನಡ, ಒಂದು ತೆಲುಗು. ಪತ್ರದ ಕೊನೆಯ ಸಾಲು ಮಾತ್ರ ನನ್ನ ನೆಮ್ಮದಿ ಕೆಡಿಸಿತು. ಉಳಿದುಕೊಳ್ಳಲು ಹನ್ನೆರಡು ಜನರಿಗೆ ಮಾತ್ರ ಏರ್ಪಾಡಿತ್ತು.

ನಮ್ಮ ಪಾಸ್ಟರನ್ನು ನಾವು ಅಯ್ಯಗಾರು ಎನ್ನುತ್ತೇವೆ. ಅವರು, "ಚೀಟಿ ಎತ್ತಿಬಿಡೋಣ ಪ್ರಸಾದ್, ದೇವರ ಚಿತ್ತ" ಎಂದರು. ದೇವರ ಚಿತ್ತದ ಮೇಲೆ ನನಗೆ ನಂಬಿಕೆಯಿದೆ, ನನ್ನ ಹೆಸರಿನ ಚೀಟಿಯ ಮೇಲೆ ಇಲ್ಲ. ಆಗ ನನಗೆ ನಮ್ಮ ಗುಂಪಿನ ಸುಗುಣಕ್ಕ ನೆನಪಾದರು. ಅರವತ್ತನಾಲ್ಕು ವರ್ಷ, ಕಲ್ಯಾಣದುರ್ಗದ ಬಸ್ ನಿಲ್ದಾಣದ ಹತ್ತಿರ ಟಿಫಿನ್ ಅಂಗಡಿ. ಮೂವತ್ತು ವರ್ಷದಿಂದ ಕಾದ ಹೆಂಚಿನ ಮುಂದೆಯೇ ನಿಂತಿರುವ ಹೆಂಗಸು. ಚಳಿ ಎಂದರೆ ಇವರಿಗೆ ಏನು ಗೊತ್ತು? ನಾನು ಗುಂಪಿನ ಕಾರ್ಯದರ್ಶಿ, ಬಹಳ ಕಾಳಜಿಯ ದನಿಯಲ್ಲಿ ಹೇಳಿದೆ: "ಅಯ್ಯಗಾರು, ಅಲ್ಲಿ ಡಿಸೆಂಬರಿನ ಚಳಿಗೆ ಯಾರಾದರೂ ಮಲಗಿಬಿಟ್ಟರೆ? ಇಲ್ಲೇ ಒಮ್ಮೆ ಪರೀಕ್ಷೆ ಮಾಡೋಣ. ನಮ್ಮಲ್ಲಿ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜ್ ಇದೆಯಲ್ಲ. ಅರ್ಧ ಗಂಟೆ ಒಳಗೆ ನಿಂತು ಹಾಡೋಣ. ಮೊದಲು ಹೊರಗೆ ಬಂದವರು ಊರಲ್ಲೇ ಉಳಿಯಲಿ."

ಎಲ್ಲರೂ ನನ್ನ ಮುಂದಾಲೋಚನೆಯನ್ನು ಹೊಗಳಿದರು. ಸುಗುಣಕ್ಕನೂ ಹೊಗಳಿದರು.

ಕೋಲ್ಡ್ ಸ್ಟೋರೇಜಿನ ಸಾಹುಕಾರರು ನನಗೆ ಪರಿಚಯ. "ಏಮಯ್ಯಾ, ಹುಣಸೆಹಣ್ಣಿಗೆ ಹಾಡು ಕೇಳಿಸ್ತೀರಾ?" ಎಂದು ನಕ್ಕು ಬೀಗ ತೆಗೆಸಿದರು. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡೂಕಾಲು. ನಾನು ಎರಡು ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್ ಹಾಕಿದ್ದೆ. ಸುಗುಣಕ್ಕ ಸೀರೆಯ ಮೇಲೆ ಒಂದು ಹಳೆಯ ಶಾಲು ಹೊದ್ದಿದ್ದರು. ಗೋಡೆಯ ಮೇಲಿನ ಅಂಕಿ ನಾಲ್ಕು ಡಿಗ್ರಿ ತೋರಿಸುತ್ತಿತ್ತು. ಬಾಗಿಲು ಮುಚ್ಚಿತು. ನಾನು ಕೈಗಡಿಯಾರ ನೋಡಿಕೊಂಡೆ.

ಮೊದಲ ಐದು ನಿಮಿಷ ನಡೆದದ್ದನ್ನು ಇದ್ದದ್ದು ಇದ್ದಂತೆಯೇ ಹೇಳುತ್ತೇನೆ. ಮಸುಕಾದ ಎರಡು ಹಳದಿ ದೀಪ. ಮಾಡಿನವರೆಗೆ ಪೇರಿಸಿದ ಮೂಟೆಗಳು ಕಂಬಗಳಂತೆ ನಿಂತಿದ್ದವು. ಹುಳಿ, ಸಿಹಿ ಬೆರೆತ ತಣ್ಣನೆಯ ವಾಸನೆ. ಅಯ್ಯಗಾರು ಕೈ ಎತ್ತಿದರು, ನಾವು ಹಾಡಿದೆವು. ಮೂಟೆಗಳು ದನಿಯನ್ನು ಹೀರಿಕೊಳ್ಳುತ್ತಿದ್ದುದರಿಂದ ನಮ್ಮ ಹಾಡು ನಮಗೇ ಬಹಳ ದೂರದಿಂದ ಕೇಳಿಸಿತು, ಇನ್ನಾರೋ ಇನ್ನೆಲ್ಲೋ ಹಾಡುತ್ತಿರುವ ಹಾಗೆ. ಪ್ರತಿ ಸಾಲಿಗೂ ಹದಿಮೂರು ಬಾಯಿಗಳಿಂದ ಬಿಳಿ ಉಸಿರು ಮೇಲೇರಿ ದೀಪದ ಬಳಿ ಕರಗುತ್ತಿತ್ತು. ನಾನು ಲೈಪ್‌ಜಿಗ್‌ನಲ್ಲಿದ್ದೆ. ಇದರಲ್ಲಿ ಸಂದೇಹವಿಲ್ಲ.

ಆರನೆಯ ನಿಮಿಷದಲ್ಲಿ ನನ್ನ ಕಾಲ್ಬೆರಳು ಇಲ್ಲವಾದವು. ಸುಗುಣಕ್ಕನ ಕಡೆ ನೋಡಿದೆ. ಕಣ್ಣು ಮುಚ್ಚಿ ಹಾಡುತ್ತಿದ್ದರು. ಎಂಟರಲ್ಲಿ ಮೊಣಕಾಲು ನಡುಗಿತು. ಮತ್ತೆ ನೋಡಿದೆ, ತಲೆದೂಗುತ್ತಿದ್ದರು. ಹತ್ತರಲ್ಲಿ ನನ್ನ ಮಂದ್ರದ ಸ್ವರ ನಾಲ್ಕು ತುಂಡಾಗಿ ಬಾಯಿಂದ ಬಿತ್ತು. ಮತ್ತೊಮ್ಮೆ ನೋಡಿದೆ, ಅವರ ಮುಖದಲ್ಲಿ ಎಂಥ ಸುಖವೆಂದರೆ, ನಾನು ಐದೇ ನಿಮಿಷ ಇದ್ದ ಊರಿನಲ್ಲಿ ಅವರು ಮನೆ ಮಾಡಿಕೊಂಡಂತಿತ್ತು. ಹನ್ನೊಂದಕ್ಕೆ ಸರಿಯಾಗಿ ನಾನು ಬಾಗಿಲು ತಳ್ಳಿ ಹೊರಗೆ ಬಿದ್ದೆ. ಉರಿಬಿಸಿಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಗಡಗಡ ನಡುಗುತ್ತಿದ್ದ ನನ್ನನ್ನು ಕಂಡು ಹಮಾಲಿಯೊಬ್ಬ, "ಏಮನ್ನಾ, ಚಲಿ ಜ್ವರಮಾ?" ಎಂದು ನೀರು ತಂದುಕೊಟ್ಟ.

ಅರ್ಧ ಗಂಟೆ ಮುಗಿದ ಮೇಲೆ ಹನ್ನೆರಡು ಜನರೂ ಬಂದರು. ಎಲ್ಲರಿಗಿಂತ ಕೊನೆಯಲ್ಲಿ ಸುಗುಣಕ್ಕ. "ಯಾಕ್ ಪ್ರಸಾದಪ್ಪ, ಅಷ್ಟ್ ಬ್ಯಾಗ ಬಂದ್ಬುಟ್ಟೆ?" ಎಂದರು. ನಿಮಗೆ ಚಳಿಯಾಗಲಿಲ್ಲವೇ ಎಂದು ನಾನು ಕೇಳಿದೆ. "ಮೂವತ್ ವರ್ಸದಿಂದ ಬೆಳಗ್ಗೆ ನಾಕಕ್ಕೆ ಎದ್ದು, ತಣ್ಣೀರ್ ಸ್ನಾನ ಮಾಡ್ಕಂಡು ಒಲೆ ಹಚ್ತೀನಿ ಕಣಪ್ಪ. ನೀನು ಇಡ್ಲಿ ತಿನ್ನಾಕೆ ಬರಾದು ಒಲೆ ಉರಿದ್ ಮ್ಯಾಲೆ. ನಿಂಗೆಂಗೆ ಗೊತ್ತಾದಾತು?"

ನಾನು ಪುಸ್ತಕ ತೆಗೆದು, "ಪ್ರಸಾದ್, ಹನ್ನೊಂದು ನಿಮಿಷ" ಎಂದು ಬರೆದು ಅಯ್ಯಗಾರ ಕೈಗೆ ಕೊಟ್ಟೆ. ಅವರು ಓದಿದರು. ಅವರ ಕಣ್ಣು ತುಂಬಿತು. ನನಗೆ ಏಕೆಂದು ಅರ್ಥವಾಗಲಿಲ್ಲ.

ಅರ್ಥವಾದದ್ದು ಭಾನುವಾರದ ಆರಾಧನೆಯಲ್ಲಿ. ಕಲ್ಯಾಣದುರ್ಗದವರೂ ಅಂದು ಬಂದಿದ್ದರು. ಅಯ್ಯಗಾರು ಎಲ್ಲರೆದುರು ಹೇಳಿದರು: "ನಾನು ಒಳಗೆ ಕಣ್ಣಾರೆ ನೋಡಿದೆ. ನಮ್ಮ ಕಾರ್ಯದರ್ಶಿ ಮತ್ತೆ ಮತ್ತೆ ಸುಗುಣಮ್ಮನವರ ಕಡೆಯೇ ನೋಡುತ್ತಿದ್ದರು. ಹಿರಿಯ ಜೀವ ಸೋತುಬಿಟ್ಟಾರು ಎಂಬ ಸಂಕಟ ಅವರಿಗೆ. ಕೊನೆಗೆ ತಾವೇ ಹೊರಗೆ ನಡೆದು, ತಮ್ಮ ಜಾಗವನ್ನು ಅಕ್ಕನಿಗೆ ಬಿಟ್ಟುಕೊಟ್ಟರು." ಚರ್ಚೆಲ್ಲ ಚಪ್ಪಾಳೆ. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಸುಗುಣಕ್ಕ ಎಲ್ಲರೂ ನಿಲ್ಲಿಸಿದ ಮೇಲೂ ಇನ್ನು ನಾಲ್ಕು ಸಲ ತಟ್ಟಿದರು.

ಹೊರಗೆ ಬೇವಿನ ಮರದ ಕೆಳಗೆ ನನ್ನನ್ನು ಹಿಡಿದು ನಿಲ್ಲಿಸಿದರು. "ನನ್ ಕಡೆ ಅಷ್ಟ್ ಕಿತ ನೋಡ್ದಲ್ಲಪ್ಪ, ಯಾವಾಗ ಬೀಳ್ತಾಳೆ ಮುದುಕಿ ಅಂತಾನಾ?"

ನಾನು ಚಪ್ಪಲಿ ನೋಡಿಕೊಂಡೆ.

"ಹೋಗ್ಲಿ ಬಿಡು. ಅಯ್ಯಗಾರ್ಗೆ ನಾನೇನ್ ಹೇಳಾಕಿಲ್ಲ. ನಿಂಗೇನ್ ತರ್ಲಿ ಆ ಊರಿಂದ?"

ಆ ಸಂಜೆ ಸಭೆಯ ನಡಾವಳಿ ಬರೆಯುವುದು ನನ್ನ ಪಾಲಿಗೇ ಬಂತು. "ಕಾರ್ಯದರ್ಶಿಯವರ ತ್ಯಾಗವನ್ನು ಸಭೆಯು ಹೃತ್ಪೂರ್ವಕವಾಗಿ ಮೆಚ್ಚಿತು ಅಂತ ಹಾಕಿ" ಎಂದಿದ್ದರು ಅಯ್ಯಗಾರು. ದುಂಡಗಿನ ಅಕ್ಷರದಲ್ಲಿ ಹಾಕಿದೆ. ಎರಡು ಸಲ ಓದಿದೆ. "ತ್ಯಾಗ" ಎಂಬ ಮಾತಿನ ಹಿಂದೆ "ಮಹಾ" ಎಂದು ಸೇರಿಸುವಷ್ಟು ಜಾಗ ಉಳಿದಿತ್ತು. ಸೇರಿಸಲಿಲ್ಲ. ನನ್ನ ಪ್ರಾಮಾಣಿಕತೆ ಈಗ ಆ ಖಾಲಿ ಜಾಗದಷ್ಟು ಅಗಲ ಇದೆ.